ಎರಡನೆಯ ಚೀಲದ ರಕ್ತ

"ಆ ಪೈಪ್ ಮುಟ್ಟಬ್ಯಾಡ."

ನಾನು ಮೆಲ್ಲಗೇ ಅಂದೆ. ಆದರೆ ಈ ಕಲ್ಮೇಶ ಬೈಲಹೊಂಗಲದಲ್ಲಿ ಮೆಲ್ಲಗೆ ಅಂದರೂ ಕಿತ್ತೂರು ಕೋಟೆಯ ಮೇಲಿನ ಪಾರಿವಾಳ ಹಾರುತ್ತವೆ. ಹಾರಿದವು ಎಂದು ಆಮೇಲೆ ನಾಲ್ಕು ಜನ ಹೇಳಿದರು. ಅವರಲ್ಲಿ ನಾನೂ ಒಬ್ಬ. ಉಳಿದ ಮೂವರ ಹೆಸರು ಈಗ ನೆನಪಿಲ್ಲ.

ಆಪರೇಷನ್ ಕೋಣೆಯ ಬೆನ್ನಿಗಿದ್ದ ಸಣ್ಣ ಕೋಣೆಯದು. ಶಂಕ್ರೆಪ್ಪನ ಕೈ ಅಂತರದಲ್ಲೇ ನಿಂತಿತು. ಆ ಮೂರಂತಸ್ತಿನ ದವಾಖಾನೆಯಲ್ಲಿ ಆಪರೇಷನ್ ಕೋಣೆ ಒರೆಸುವವನು, ಡಾಕ್ಟರರ ಹಸಿರು ಅಂಗಿ ಒಗೆದು ಮಾಳಿಗೆಯ ಮೇಲೆ ಒಣಗಲು ಹಾಕುವವನು ಅವನೇ. ಈಗ ಅವನ ಕೈಯಲ್ಲಿ ಹಳದಿ ಕಸದ ಚೀಲವಿತ್ತು. ಎದುರಿನ ಮೇಜಿನ ಮೇಲೆ, ಮಷೀನು ನಡೆಸುವ ಶೈಲಶ್ರೀ ಜೋಪಾನವಾಗಿ ಕಟ್ಟಿಟ್ಟಿದ್ದ ಪೈಪುಗಳ ಗಂಟು.

"ಕಸಾ ಅಂದ್ಕೊಂಡೆ ಸಾಹೇಬ್ರ" ಎಂದ. ಕಣ್ಣು ಮಾತ್ರ ನೆಲದಲ್ಲಿತ್ತು.

ನೆಲ ನೋಡಿ ಮಾತಾಡುವ ಮನುಷ್ಯನನ್ನು ನಾನು ನೂರು ಹರದಾರಿಯಿಂದ ಗುರುತಿಸಬಲ್ಲೆ. ಸವದತ್ತಿ ಸೀಮೆಯಲ್ಲಿ ಕಳುವಾದ ಎತ್ತು ನನ್ನ ಹೆಸರು ಕೇಳಿದರೆ ಕಳ್ಳನನ್ನೂ ಎಳೆದುಕೊಂಡು ತಾನೇ ಮನೆಗೆ ಬರುತ್ತದೆ. ರಾಮದುರ್ಗದ ವಕೀಲರು ನಾನು ಹಾದುಹೋಗುವಾಗ ಕರಿಕೋಟು ಬಿಚ್ಚಿ ಧೂಳಿಗೆ ಹಾಸುತ್ತಾರೆ. ಅಂಥ ಪತ್ತೇದಾರನಿಗೆ ಇವತ್ತು ಸಿಕ್ಕ ಕೇಸು ನೋಡಿ: ಒಬ್ಬ ಮುದುಕಿಯ ಮೂತ್ರದ ಬಣ್ಣ.

ಸಂಗತಿ ಇಷ್ಟೇ. ಮುರಗೋಡದ ಕೆಂಚವ್ವ ಟ್ರ್ಯಾಕ್ಟರ್ ಟ್ರಾಲಿಯಿಂದ ಬಿದ್ದು ತೊಡೆ ಮುರಿದುಕೊಂಡು, ನಿನ್ನೆ ಇಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದಳು. ಸಂಜೆಗೆ ಆಕೆಯ ಮೂತ್ರ ದಾಸವಾಳದ ರಸದಂತೆ ಕೆಂಪಾಯಿತು.

ಕೆಂಚವ್ವ ಮೊದಲೇ ಹಟ ಹಿಡಿದಿದ್ದಳು: ಯಾರ ಋಣವನ್ನೂ ಇಟ್ಟುಕೊಳ್ಳದವಳು ನಾನು, ರಕ್ತದ ಋಣವಂತೂ ಬೇಡವೇ ಬೇಡ, ಪರರ ರಕ್ತದ ಒಂದು ಹನಿಯೂ ನನ್ನ ಮೈಗೆ ಹೋಗಬಾರದು. ಅದಕ್ಕೇ ರಕ್ತ ತೊಳೆಯುವ ಮಷೀನು ತರಿಸಿದ್ದರು. ಅದರ ಕೈಹಿಡಿದು ನಡೆಸಿದವಳು ಕಟಕೋಳದ ಹುಡುಗಿ ಶೈಲಶ್ರೀ.

ಈಗ ಮಗ ನಿಜಗುಣಪ್ಪನ ಮಾತು ಒಂದೇ. ಈ ಹುಡುಗಿ ಮಷೀನಿನ ಹೆಸರು ಹೇಳಿ ಬೇರೆ ಯಾರದೋ ರಕ್ತ ಏರಿಸಿದ್ದಾಳೆ, ನಮ್ಮವ್ವನ ಮೈ ಅದನ್ನು ಹೊರಗೆ ಹಾಕುತ್ತಿದೆ. ಪೊಲೀಸ್ ಠಾಣೆಗೆ ಹೋಗಲು ಅವನ ಜೀಪು ಬೇವಿನ ನೆರಳಲ್ಲಿ ನಿಂತೇ ಇತ್ತು. ಡ್ರೈವರ್ ಊಟಕ್ಕೆ ಹೋಗಿದ್ದ. ಅವನು ರೊಟ್ಟಿ ಮುಗಿಸಿ ಕೈತೊಳೆಯುವುದರೊಳಗೆ ನಾನು ಸತ್ಯ ಹುಡುಕಬೇಕು. ಇಲ್ಲದಿದ್ದರೆ ಶೈಲಶ್ರೀಯ ನೌಕರಿ ಹೋಗುತ್ತದೆ, ಮಾನವೂ ಹೋಗುತ್ತದೆ, ಬಹುಶಃ ಅವಳೂ ಜೈಲಿಗೆ ಹೋಗುತ್ತಾಳೆ.

ಅವಳು ಬಾಗಿಲ ಬಳಿ ನಿಂತಿದ್ದಳು. ಅತ್ತು ಅತ್ತು ಮೂಗು ಕೆಂಪಗಾಗಿತ್ತು.

"ಕಾಕಾ, ನಾ ಬ್ಯಾರೆ ರಕ್ತ ಮುಟ್ಟಿಲ್ರಿ" ಎಂದಳು. "ಅವರ ರಕ್ತಾನ ಅವರಿಗಿ ಕೊಟ್ಟೇನಿ."

ಅವಳು ಆ ಮಷೀನಿನ ಕೆಲಸವನ್ನು ಬಿಡಿಸಿ ಹೇಳಿದಳು. ನನಗೆ ಮೊದಲೇ ಗೊತ್ತಿತ್ತು. ಅವಳ ಮನಸ್ಸು ಹಗುರಾಗಲಿ ಎಂದು ಕೇಳಿಸಿಕೊಂಡೆ. ಮೂಳೆ ಕೊರೆಯುವಾಗ ಹರಿದ ರಕ್ತವನ್ನು ನಳಿಗೆಯಿಂದ ಎಳೆದು ಡಬ್ಬಿಗೆ ತುಂಬುತ್ತಾರೆ. ಹಾಗೆ ಎಳೆಯುವಾಗ ಕೆಲವು ಕೆಂಪು ಕಣ ಒಡೆಯುತ್ತವೆ. ಮಷೀನು ಅದನ್ನು ಗರಗರ ತಿರುಗಿಸಿ, ಉಪ್ಪುನೀರಿನಲ್ಲಿ, ಅಂದರೆ ಸಲೈನಿನಲ್ಲಿ, ತೊಳೆದು, ಒಡೆದ ಕಣದ ಬಣ್ಣವನ್ನು ಹೊರಗೆ ಚೆಲ್ಲಿ ಇಡಿಯ ಕಣಗಳನ್ನಷ್ಟೇ ಚೀಲಕ್ಕೆ ತುಂಬುತ್ತದೆ. ಜೋಳವನ್ನು ಮೊರದಲ್ಲಿ ಕೇರಿ ನುಚ್ಚು ಹಾರಿಸಿದ ಹಾಗೆ. ತೊಳೆಯದೆ ಕೊಟ್ಟರೆ ಒಡೆದ ಕಣದ ಬಣ್ಣವೆಲ್ಲ ಮೈಗೆ ಹೋಗಿ ಮೂತ್ರದಲ್ಲಿ ಇಳಿಯುತ್ತದೆ, ಹೆಚ್ಚಾದರೆ ಮೂತ್ರಪಿಂಡಕ್ಕೇ ಕುತ್ತು.

"ಹಂಗಾರ ನೀ ತೊಳದಿಲ್ಲ" ಎಂದೆ.

"ತೊಳದೇನ್ರಿ. ಎರಡು ಚೀಲ ತಗದೆ, ಎರಡಕ್ಕೂ ಪೂರ್ತಿ ತೊಳಿ ಅಂತ ಮಷೀನಿಗೆ ಹೇಳೇನಿ."

ಆಗ ಡಾಕ್ಟರ್ ಸ್ನೇಹಲ್ ಒಳಗೆ ಬಂದರು. ಕೆಂಚವ್ವನಿಗೆ ಅರಿವಳಿಕೆಯ ಮದ್ದು ಕೊಟ್ಟು, ಆಪರೇಷನ್ ಪೂರ್ತಿ ತಲೆದೆಸೆಯಲ್ಲಿ ನಿಂತವರು ಅವರೇ. ರಾತ್ರಿಯೆಲ್ಲ ನಿದ್ದೆಗೆಟ್ಟು ಕೆಂಚವ್ವನಿಗೆ ಸಲೈನ್ ಏರಿಸಿ ಏರಿಸಿ ಕಣ್ಣು ಗುಳಿಬಿದ್ದಿತ್ತು. ಕೈಯಲ್ಲಿ ಎರಡು ಗಾಜಿನ ನಳಿಕೆ. ಪ್ರತಿ ಚೀಲ ಕೊಡುವ ಮೊದಲು ಅದರಿಂದ ಒಂದಿಷ್ಟು ನಳಿಕೆಗೆ ತೆಗೆದಿಡುವುದು ಶೈಲಶ್ರೀಯ ಪದ್ಧತಿ. ಅವನ್ನು ನಿನ್ನೆಯಿಂದ ಅಲುಗಾಡಿಸದೆ ನಿಲ್ಲಿಸಿದ್ದರು.

ಮೊದಲ ಚೀಲದ ನಳಿಕೆಯಲ್ಲಿ ಕೆಂಪು ತಳಕ್ಕೆ ಕುಳಿತಿತ್ತು, ಮೇಲೆ ನೀರು ತಿಳಿ. ಎರಡನೆಯದರಲ್ಲಿಯೂ ಕೆಂಪು ತಳಕ್ಕೆ ಕುಳಿತಿತ್ತು. ಆದರೆ ಮೇಲಿನ ನೀರು ಓಕುಳಿ.

ಡಾಕ್ಟರು ಬಾಯಿ ತೆರೆಯುವುದರೊಳಗೆ ನಾನು ಹೇಳಿಬಿಟ್ಟೆ, ಮೊದಲ ಚೀಲ ಚೊಕ್ಕ, ಎರಡನೆಯದು ತೊಳೆದೇ ಇಲ್ಲ ಎಂದು. ಅವರು ಹೇಳಬೇಕೆಂದಿದ್ದದ್ದೂ ಅದೇ ಇರಬೇಕು, ಬಾಯಿ ಮುಚ್ಚಿಕೊಂಡರು. ಎರಡೂ ನಳಿಕೆಗಳ ರಕ್ತ ಕೆಂಚವ್ವನದೇ ಗುಂಪಿಗೆ ಸೇರಿದ್ದು, ಪರೀಕ್ಷೆ ಮಾಡಿಸಿದ್ದೇನೆ ಎಂದೂ ತಿಳಿಸಿದರು.

ಅದೇ ಮಷೀನು, ಅದೇ ಕೈ, ಅದೇ ರಕ್ತ. ಒಂದು ಚೀಲ ಚೊಕ್ಕವಾಗಿ, ಇನ್ನೊಂದು ಹೊಲಸಾದರೆ ನಡುವೆ ಏನೋ ನಡೆದಿದೆ. ಇಷ್ಟು ತಿಳಿಯಲು ಬೇರೆಯವರಿಗೆ ಆರು ತಿಂಗಳು ಬೇಕು. ನಾನು ಕಣ್ಣು ಮಿಟುಕಿಸಿದೆ, ಅಷ್ಟೇ.

"ಎರಡನೇ ಚೀಲ ತೊಳಿಯೂ ಮುಂದ ನೀ ಎಲ್ಲಿದ್ದಿ?"

ಶೈಲಶ್ರೀ ಡಾಕ್ಟರರ ಕಡೆ ನೋಡಿದಳು. ತೊಳೆಯಲು ಹಚ್ಚಿದ ಮೇಲೆ, ಬೆಚ್ಚಗಿನ ಸಲೈನ್ ತಾ ಎಂದು ಡಾಕ್ಟರು ಅವಳನ್ನು ಸಾಮಾನಿನ ಕೋಣೆಗೆ ಕಳಿಸಿದ್ದರಂತೆ. ಬರುವಷ್ಟರಲ್ಲಿ ಮಷೀನು ತೊಳೆದು ಮುಗಿಸಿತ್ತು. ಆ ಹಳೆಯ ಮಷೀನು ಪಂಪಿನ ಸುತ್ತು ಎಣಿಸುತ್ತದೆಯೇ ಹೊರತು, ನೀರು ಹರಿಯಿತೋ ಇಲ್ಲವೋ ನೋಡುವ ಕಣ್ಣು ಅದಕ್ಕಿಲ್ಲ.

ನಾನು ಗಂಟು ಬಿಚ್ಚಿ ಸಲೈನಿನ ಪೈಪನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬೆರಳಿನಿಂದ ಉದ್ದಕ್ಕೂ ಸವರಿದೆ. ಇದ್ದವು: ಎರಡು ಕಡೆ ಪೈಪು ಚಪ್ಪಟೆಯಾಗಿ ಒತ್ತಿಹೋಗಿತ್ತು. ಒಂದು ಅಗಲವಾದ ಗುರುತು, ಅದರ ಅಂಚಿಗೆ ನೀಲಿ ಬಣ್ಣದ ಪುಡಿ. ಅದರ ಮೇಲಕ್ಕೆ ಇನ್ನೊಂದು, ಸಪೂರ, ಸಣ್ಣ ಹಲ್ಲಿನಿಂದ ಕಚ್ಚಿದಂತೆ.

"ಕ್ಲಿಪ್ ಹಾಕಿ ನೀರು ನಿಲ್ಲಿಸ್ಯಾರ" ಎಂದೆ. "ಒಮ್ಮೆ ಹಾಕಿ, ಸಾಲಲಿಲ್ಲ ಅಂತ ಮತ್ತೊಮ್ಮೆ ಹಾಕ್ಯಾರ."

"ಎರಡೂ ಒಂದ ನಮೂನಿ ಕಾಣವಲ್ವು ಕಾಕಾ" ಎಂದಳು ಶೈಲಶ್ರೀ.

ಆನೆ ನಡೆಯುವಾಗ ಇರುವೆಗಳ ಸಲಹೆ ಕೇಳುವುದಿಲ್ಲ. ಕೈಬೀಸಿ ಸುಮ್ಮನಾಗಿಸಿದೆ. ನನ್ನ ಕಣ್ಣು ಆಗಲೇ ಶಂಕ್ರೆಪ್ಪನ ಅಂಗಿಯ ಜೇಬಿನ ಮೇಲೆ ಕುಳಿತಿತ್ತು. ಆ ಜೇಬಿನ ಅಂಚಿಗೆ, ಹಗ್ಗದ ಮೇಲೆ ಗುಬ್ಬಿ ಕೂತ ಹಾಗೆ, ಸಾಲಾಗಿ ನೀಲಿ ಬಣ್ಣದ ಬಟ್ಟೆಯ ಕ್ಲಿಪ್ಪುಗಳು.

ದೊಡ್ಡ ಬೇಟೆಗಾರ ಪೊದೆಯಲ್ಲಿ ಗುಂಡು ಹಾರಿಸುವುದಿಲ್ಲ. ಜನ ಕೂಡಿದಲ್ಲಿ ಹಾರಿಸುತ್ತಾನೆ.

ಕೆಂಚವ್ವನ ಕೋಣೆಗೆ ಎಲ್ಲರನ್ನೂ ಕರೆಸಿದೆ. ಆಕೆ ಎರಡು ದಿಂಬಿಗೆ ಒರಗಿ, ಕಂಬಳಿ ಹೊದ್ದು, ಆಡಳಿತ ನಡೆಸುವವಳಂತೆ ಕುಳಿತಿದ್ದಳು. ಮುಂಜಾನೆ ನಾನು ಮೊದಲ ಸಲ ಕಂಡಾಗ ದವಾಖಾನೆಯ ಚಹಾವನ್ನು ಬಸಿಗೆ ಸುರಿದು, ಓರೆ ಹಿಡಿದು ನೋಡಿ, ಈ ಎಮ್ಮಿ ಕೆರಿಯಾಗಿಂದ ಎದ್ದ ಬಂದು ನೇರ ಹಿಂಡಿಸಿಕೊಂಡೈತೇನೋ ಎಂದು ಕೇಳಿದ್ದಳು. ಮುರಗೋಡದಲ್ಲಿ ಆಕೆಯ ಹಟ್ಟಿಯ ಹಾಲಿನ ಹೆಸರು ದೊಡ್ಡದು. ಹಾಲಿಗೆ ನೀರು ಬೆರೆಸಿದ ಗೌಳಿ ಆಕೆಯ ಬೆರಳಿಗೆ ಸಿಕ್ಕರೆ ಸವದತ್ತಿ ಗುಡ್ಡ ದಾಟುವವರೆಗೆ ಓಡುತ್ತಾನೆ ಅನ್ನುತ್ತಾರೆ. ಈ ಮಾತಿಗೆ ನಾನು ಒಂದು ಹನಿಯನ್ನೂ ಬೆರೆಸಿಲ್ಲ.

ನೀಲಾ ಸಿಸ್ಟರ್ ಮಂಚದ ಕೆಳಗೆ ಬಗ್ಗಿ, ಮೂತ್ರದ ಚೀಲವನ್ನು ಎತ್ತಿ ಕಿಟಕಿಗೆ ಹಿಡಿದಳು. ಆಪರೇಷನ್ನಿನ ಹತ್ಯಾರಗಳನ್ನು ಕೈಗೆ ಕೊಡುವವಳೂ ಅವಳೇ. ಎಲ್ಲರೂ ಕತ್ತು ಚಾಚಿದರು. ಹುಟ್ಟಿದ ಕೂಸಿನ ಮುಖವನ್ನೂ ಜನ ಅಷ್ಟು ಆಸೆಯಿಂದ ನೋಡುವುದಿಲ್ಲ.

ಬೆಳಗಿನ ಕೆಂಪು ಇರಲಿಲ್ಲ. ಎಳೆಬಿಸಿಲಿನ ಬಣ್ಣ.

ಡಾಕ್ಟರ್ ಸ್ನೇಹಲ್ ಗೋಡೆಗೆ ಒರಗಿ ಉಸಿರುಬಿಟ್ಟರು. ಮೂತ್ರಪಿಂಡದ ಪರೀಕ್ಷೆ ಸರಿಯಾಗಿ ಬಂದಿದೆ, ಇನ್ನು ಅಂಜಿಕೆಯಿಲ್ಲ ಎಂದರು. ನಿಜಗುಣಪ್ಪ ಅಷ್ಟು ಕೇಳಿದ್ದೇ ತಡ ಮುರಗೋಡಕ್ಕೆ ಫೋನ್ ಹಚ್ಚಿ, ಮೂತ್ರ ತಿಳಿ ಆತು, ಪೂರಾ ತಿಳಿ ಆತು ಎಂದು ಮೂರು ಮನೆಯವರಿಗೆ ಸಾರಿದ. ಫೋನ್ ಇಟ್ಟವನೇ ಮತ್ತೆ ಮುಖ ಗಂಟು ಹಾಕಿದ.

"ಅವ್ವ ಉಳದ್ಲು, ಅದು ದೇವರ ದಯಾ" ಎಂದ. "ಆದ್ರ ಪರರ ರಕ್ತ ಹಾಕಿದವ್ರನ್ನ ನಾ ಬಿಡಂಗಿಲ್ಲ. ಡ್ರೈವರ್ ಬಂದ."

ಹೌದು, ಕೆಳಗೆ ಜೀಪಿನ ಹಾರ್ನ್ ಕೇಳಿಸಿತು. ಶೈಲಶ್ರೀ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು.

ನಾನು ನಡುವೆ ಬಂದು ನಿಂತೆ. ಎರಡು ನಳಿಕೆ ತೋರಿಸಿದೆ, ಪೈಪು ತೋರಿಸಿದೆ, ನೀಲಿ ಪುಡಿ ತೋರಿಸಿದೆ. ಪರರ ರಕ್ತ ಹೋಗಿಲ್ಲ, ಹೋದದ್ದು ಕೆಂಚವ್ವನದೇ, ಆದರೆ ತೊಳೆಯದ್ದು ಎಂದೆ. ನನ್ನ ಮಾತಿಗೆ ಕಿಟಕಿಯ ಗಾಜು ಬೆವರಿತು. ಆಮೇಲೆ ಮೂಲೆಯಲ್ಲಿದ್ದ ಶಂಕ್ರೆಪ್ಪನ ಬಳಿ ಹೋಗಿ, ಅವನ ಜೇಬಿನಿಂದ ಒಂದು ಕ್ಲಿಪ್ಪು ಕಿತ್ತು ಪೈಪಿನ ಅಗಲ ಗುರುತಿನ ಮೇಲೆ ಕೂರಿಸಿದೆ. ಬೀಗಕ್ಕೆ ಕೀಲಿಕೈ ಕೂತಂತೆ ಕೂತಿತು.

"ಯಾಕ ಹಾಕಿದಿ, ಶಂಕ್ರೆಪ್ಪಾ?"

ಅವನು ನನ್ನ ಕಡೆ ನೋಡಲಿಲ್ಲ. ನಿಜಗುಣಪ್ಪ ಅಂಗಿಯ ತೋಳು ಏರಿಸುತ್ತಿದ್ದ, ಅವನ ಕಡೆಯೂ ನೋಡಲಿಲ್ಲ. ಅವನ ಕಣ್ಣು ಹೋಗಿ ನಿಂತದ್ದು ಮಂಚದ ಮೇಲೆ. ಅವನ ಅಪ್ಪ ಕೆಂಚವ್ವನ ಹಟ್ಟಿಯಲ್ಲಿ ಎಮ್ಮೆ ಹಿಂಡಿ ಬದುಕಿದವನು.

"ಅವನ್ನ ಬಿಡು ತಮ್ಮಾ" ಎಂದಳು ಕೆಂಚವ್ವ. "ನಾನ ಹಾಕಂದೆ."



ನಿಜಗುಣಪ್ಪ ತೋಳು ಇಳಿಸಿದ. "ಯವ್ವಾ, ನಿನಗ ಆಗ ಎಚ್ಚರ ಎಲ್ಲಿತ್ತ?"

"ತೊಡಿಗಿ ಜೋಮು ಹಿಡಿಸಿದ್ರು. ಕಣ್ಣಿಗಿ ಹಿಡಿಸಿದ್ದಿಲ್ಲ." ಕೆಂಚವ್ವ ಸೆರಗು ಸರಿಮಾಡಿಕೊಂಡಳು. "ತಲಿ ಹೊಳ್ಳಿಸಿ ನೋಡತೇನಿ, ಮಗ್ಗಲದಾಗ ನನ್ನ ರಕ್ತ ತಿರಗಾಕ ಹತ್ತೈತಿ. ಅದಕ್ಕ ಮ್ಯಾಲಿಂದ ಪೈಪ್ ಹಚ್ಚಿ ನೀರು ಬಿಡಾಕ ಹತ್ಯಾರ. ಹಾಲಿಗಿ ನೀರು ಬೆರಸವ್ರನ್ನ ಹಿಡದ ಹಿಡದ ನನ್ನ ತಲಿ ಬೆಳ್ಳಗಾಗೈತಿ. ನನ್ನ ಕಣ್ಣ ಮುಂದ ನನ್ನ ರಕ್ತಕ್ಕ ನೀರು ಬೆರಸಿದ್ರ ಸುಮ್ಮ ಮಲಗಲೇನ?"

ಆ ಹುಡುಗಿ ಹೊರಗೆ ಹೋದದ್ದನ್ನು ಕಂಡು, ನೆಲ ಒರೆಸುತ್ತಿದ್ದ ಶಂಕ್ರೆಪ್ಪನಿಗೆ ಕಣ್ಸನ್ನೆ ಮಾಡಿ, ಆ ನೀರು ಬಂದ್ ಮಾಡೋ ಎಂದಿದ್ದಳಂತೆ. ಅವನಿಗೆ ಆಕೆಯ ಮಾತೇ ಕಾನೂನು. ಶೈಲಶ್ರೀಯ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಕ್ಲಿಪ್ಪು ಕಿತ್ತು ಜೇಬಿಗೆ ಸಿಗಿಸಿಕೊಂಡ. ನೀರಿಲ್ಲದೆ ಗಟ್ಟಿ ರಕ್ತ ಮೈಗೆ ಹೋಯಿತಲ್ಲ ಎಂದು ಮುದುಕಿ ನಿಶ್ಚಿಂತಳಾಗಿ ಕಣ್ಣು ಮುಚ್ಚಿದಳು. ಸಂಜೆ ಮೂತ್ರ ಕೆಂಪಾದಾಗ ಇಬ್ಬರ ಬಾಯಿಗೂ ಬೀಗ ಬಿತ್ತು. ಅವನಿಗೆ ನೌಕರಿಯ ಭಯ. ಆಕೆಗೆ, ತಪ್ಪು ಮಾಡಿದೆ ಅಂತ ಒಪ್ಪಿಕೊಳ್ಳುವ ರೂಢಿಯೇ ಇಲ್ಲ.

ಮೊದಲು ನಕ್ಕವರು ಡಾಕ್ಟರ್ ಸ್ನೇಹಲ್. ರಾತ್ರಿಯ ನಿದ್ದೆಗೇಡು, ಅಂಜಿಕೆ ಎಲ್ಲ ಸೇರಿ ಬಂದ ನಗು ಅದು. ಕಣ್ಣಲ್ಲಿ ನೀರು ಬರುವ ತನಕ ನಿಲ್ಲಲಿಲ್ಲ. ಶೈಲಶ್ರೀ ಮಂಚದ ಬಳಿ ಬಂದು ನೆಲದ ಮೇಲೇ ಕುಳಿತುಬಿಟ್ಟಳು.

"ಅಜ್ಜಿ, ಅದು ಬೆರಸೂ ನೀರಲ್ರಿ, ತೊಳಿಯೂ ನೀರು" ಎಂದಳು. "ಅಕ್ಕಿ ತೊಳದ ನೀರು ಅನ್ನದಾಗ ಉಳಿತೈತೇನ್ರಿ? ಚೆಲ್ಲಿ ಹೋಗತೈತಿ."

ಕೆಂಚವ್ವ ಅವಳನ್ನು ಓರೆಗಣ್ಣಿನಿಂದ ನೋಡಿದಳು.

"ಚೆಲ್ಲತೀರಿ?"

"ಪೂರಾ ಚೆಲ್ಲತೇವ್ರಿ."

"ಮೊದಲ ಹೇಳಬೇಕಿಲ್ಲೋ ಮಗಳ." ಮುದುಕಿ ಕೈ ಚಾಚಿ ಅವಳ ತಲೆ ಸವರಿದಳು. ಆಮೇಲೆ ಮಗನ ಕಡೆ ತಿರುಗಿ, ಆ ಜೀಪನ್ನು ಠಾಣೆಗಲ್ಲ, ಪೇಟೆಗೆ ಕಳಿಸು, ಎಲ್ಲರ ಬಾಯಿಗೂ ಸಿಹಿ ಆಗಲಿ ಎಂದಳು. ಒಳಗೆ ಹೋದದ್ದು ಪರರ ರಕ್ತ ಅಲ್ಲವಲ್ಲ ಎಂದು ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡಳು.

ನಿಜಗುಣಪ್ಪ ಶೈಲಶ್ರೀಯ ಎದುರು ನಿಂತು ಗಂಟಲು ಸರಿಮಾಡಿಕೊಂಡ. ತಪ್ಪಾಯಿತು ಎಂಬ ಮಾತು ಆ ಮನೆತನದವರ ಬಾಯಲ್ಲಿ ಸುಲಭಕ್ಕೆ ಹೊರಡುವುದಿಲ್ಲ. "ನಿಮ್ಮ ಕಟಕೋಳದ ಕಡೆ ಮಂದಿ ಗಟ್ಟಿ ಬಿಡವ್ವಾ" ಎಂದ. ಅವಳಿಗೆ ಅಷ್ಟು ಸಾಕಾಯಿತು.

ಆ ಅರ್ಧ ಗಂಟೆಯ ಸಂತೋಷವನ್ನು ಬರೆಯಲು ನವಿಲುತೀರ್ಥದ ಡ್ಯಾಮಿನಷ್ಟು ಶಾಯಿ ಬೇಕು. ಪೇಡೆ ಬಂತು, ಮಿರ್ಚಿ ಬಂತು. ಚಹಾ ಬಂತು; ಕೆಂಚವ್ವ ಓರೆ ಹಿಡಿದು ನೋಡಿ, ಇವತ್ತಿಗೆ ನಡಿತೈತಿ ಎಂದು ಕುಡಿದಳು. ಡಾಕ್ಟರು ನನ್ನ ಬುದ್ಧಿಯನ್ನು ಹೊಗಳಿದರು. ಸಾಲದೆಂದು ಉಳಿದದ್ದನ್ನು ನಾನೇ ಹೊಗಳಿಕೊಂಡೆ. ಎಲ್ಲರೂ ನೋಡಲಿ ಎಂದು ಆ ಪೈಪನ್ನು ಕಿಟಕಿಯ ಕಟ್ಟೆಯ ಮೇಲೆ, ಗೆದ್ದ ಪೈಲ್ವಾನನ ಬೆಳ್ಳಿ ಗದೆಯಂತೆ, ಇಟ್ಟಿದ್ದೆ.

ಆಮೇಲೆ ಶಂಕ್ರೆಪ್ಪನ ಹೆಗಲ ಮೇಲೆ ಕೈಹಾಕಿ ಮೆಟ್ಟಿಲು ಇಳಿದೆ. ಅವನ ನೌಕರಿಗೆ ತೊಂದರೆ ಮಾಡುವುದಿಲ್ಲ ಎಂದು ಡಾಕ್ಟರು ಮಾತು ಕೊಟ್ಟಿದ್ದರು. ಹಗುರಾಗಿದ್ದ.

"ಒಂದ ಮಾತು ಉಳದೈತ್ರಿ ಸಾಹೇಬ್ರ" ಎಂದ. "ಮಂದಿ ಮುಂದ ಹೇಳಲಿಲ್ಲ."

"ಹೇಳು, ಹೇಳು."

"ಅವ್ವಾರು ಹೇಳಿದ್ರಂತ ನಾ ಕ್ಲಿಪ್ ಹಚ್ಚಾಕ ಹೋದ್ನೆಲ್ರಿ. ಆಗಲೇ ಆ ಪೈಪಿಗೆ ಒಂದು ಚಿಮಟಾ ಇತ್ತು. ಉಕ್ಕಿಂದು. ಡಾಕ್ಟರ ಮಂದಿ ರಕ್ತದ ನರಾ ಹಿಡಿಯಾಕ ಹಾಕತಾರಲ್ಲ, ಅಂಥಾದು. ನೀರು ಮೊದಲ ನಿಂತಿತ್ರಿ. ಅವ್ವಾರ ಮಾತು ಮೀರಬಾರದಂತ ಅದರ ಕೆಳಗ ನಂದೂ ಒಂದು ಹಾಕಿದೆ."

ಬಾಯಲ್ಲಿದ್ದ ಪೇಡೆ ಅಲ್ಲೇ ನಿಂತಿತು.

"ಆ ಚಿಮಟಾ ಎಲ್ಲಿ?"

"ನಾ ಒರಸಿ ಹೊಳ್ಳಿ ಬಂದು ಕ್ಲಿಪ್ ತಗಿಯೂಮುಂದ ಅದು ಇದ್ದಿಲ್ರಿ. ಯಾರೋ ತಗದಿದ್ರು."

"ಎರಡೂ ಒಂದ ನಮೂನಿ ಕಾಣವಲ್ವು ಕಾಕಾ" ಎಂದಿದ್ದಳು ಶೈಲಶ್ರೀ. ಅಗಲವಾದದ್ದು ಕ್ಲಿಪ್ಪಿನದು. ಸಣ್ಣ ಹಲ್ಲಿನದು? ಅದು ಮುದುಕಿಯ ಮೂಢತನದ ಗುರುತಲ್ಲ. ರಕ್ತ ತೊಳೆಯದೆ ಹೋದರೆ ಏನಾಗುತ್ತದೆಂದು ಚೆನ್ನಾಗಿ ಬಲ್ಲ ಕೈಯ ಗುರುತು. ಆ ಕೋಣೆಯಲ್ಲಿ ಅಂಥ ಕೈ ಎಷ್ಟಿದ್ದವು? ಮತ್ತು ಇದು ಹೊರಬಿದ್ದರೆ ನಿಜಗುಣಪ್ಪ ಮೊದಲು ಯಾರ ಹೆಸರು ಹೇಳುತ್ತಾನೆ? ಮಷೀನು ಯಾರ ಕೈಯಲ್ಲಿತ್ತೋ ಅವಳದೇ.

ನಾನು ಮೆಟ್ಟಿಲು ಹತ್ತಿದ್ದನ್ನು ಕಂಡವರು ಹಾರಿದ ಎಂದೇ ಹೇಳುತ್ತಾರೆ.

ಬಂದವರೆಲ್ಲ ಹೋಗಿದ್ದರು. ಬಸಿ, ಪೇಡೆಯ ಡಬ್ಬಿ, ಅರ್ಧ ಕುಡಿದ ಚಹಾ. ಕೆಂಚವ್ವ ಕಣ್ಣು ಮುಚ್ಚಿ ಮಲಗಿದ್ದಳು. ಪೈಪು ಕಟ್ಟೆಯ ಮೇಲೆ ಇಟ್ಟಲ್ಲೇ ಇತ್ತು, ನೀಲಿ ಪುಡಿಯ ಗುರುತೂ ಇತ್ತು. ಅದರ ಮೇಲಕ್ಕೆ ಗೇಣಿನಷ್ಟು ಪೈಪು ಇರಲಿಲ್ಲ. ಕತ್ತರಿಯಿಂದ ನೀಟಾಗಿ ಕೊಯ್ದಿದ್ದರು. ಕೊಯ್ದ ತುದಿಯಿಂದ ಉಪ್ಪುನೀರು ಇನ್ನೂ ಕಟ್ಟೆಗೆ ಹನಿಯುತ್ತಿತ್ತು.

ನಾನು ಬಗ್ಗಿ ಆ ಹನಿಯನ್ನು ಬೆರಳಿಂದ ಮುಟ್ಟಿದೆ. ಹಿಂದಿನಿಂದ ಮುದುಕಿಯ ದನಿ ಬಂತು, ಕಣ್ಣು ತೆರೆಯದೆ.

"ತೊಡಿಗಿ ಜೋಮು ಇಳದೈತಿ ತಮ್ಮಾ. ಕಣ್ಣಿಗಿ ಇವತ್ತೂ ಹಿಡದಿದ್ದಿಲ್ಲ." ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡಳು. "ಮೊದಲ ಬಾಗಲಾ ಹಾಕು. ಒಳಗಿನ ಚಿಲಕಾನೂ ಹಾಕು. ಕೊಯ್ದವ್ರನ್ನ ನಾ ನೋಡೇನಿ, ಇನ್ನೂ ಹೊರಗ ನಿಂತಾರ."